ಕೊಡಲಿ ಎತ್ತುವ ಮುನ್ನ

“ಮನುಷ್ಯರ ಜಾತಿಯನ್ನೇ ಕೇಳಬಾರದೆನ್ನುವ ಕಾಲದಲ್ಲಿ ಮರದ ಜಾತಿಯ ಚಿಂತೆ ನಿನಗ್ಯಾಕೋ?” ಎಂದು ಸಹಪಾಠಿಯೊಬ್ಬ ನಗೆಯಾಡಿದ. ಭೂಗೋಳವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ಬಿ.ಎ. ವಿದ್ಯಾರ್ಥಿಯಾದ ನಾನು ಅಂದು ಗ್ರಂಥಾಲಯದಲ್ಲಿ ಜೂನಿಪರ್ ಮರಗಳ ವಿಚಾರ ಓದುತ್ತಿದ್ದೆ. ಆಗ ಉತ್ತರ ತೋಚಲಿಲ್ಲ. ಈಗ ವಾಚಕರ ಮುಂದೆ ಅದನ್ನು ಇಡಬಯಸುತ್ತೇನೆ.

ಜೂನಿಪರ್ ನಮ್ಮ ಕಾಡಿನ ಮರವಲ್ಲ. ತಂಪು ಸೀಮೆಯ ನಿತ್ಯಹಸುರಿನ ಮರ. ಹಿಮಾಲಯದಲ್ಲಿ ಅದರ ಕೆಲವು ಬಗೆಗಳುಂಟು. ಲಡಾಖಿನ ಜನ ಅದರ ಸೊಪ್ಪನ್ನು ಧೂಪವಾಗಿ ಉರಿಸುತ್ತಾರೆ. ಲೋಕದಲ್ಲಿ ಇದರ 50ಕ್ಕೂ ಹೆಚ್ಚು ಪ್ರಭೇದಗಳಿದ್ದು, ಹಲವು ಒಡಹುಟ್ಟಿದವರಂತೆ ಒಂದನ್ನೊಂದು ಹೋಲುತ್ತವೆ. ಅವುಗಳಲ್ಲಿ ಅಮೆರಿಕದ ಎರಡನ್ನು ನೋಡೋಣ. ಒಂದು, 1753ರಲ್ಲಿ ಲಿನೇಯಸ್ ಹೆಸರಿಟ್ಟ ‘ವರ್ಜಿನಿಯಾನ’. ಆ ದೇಶದ ಪೂರ್ವಾರ್ಧದಲ್ಲೆಲ್ಲ ಹಬ್ಬಿರುವುದು, ಹಿಂದೆ ಪೆನ್ಸಿಲಿಗೆ ಹೆಸರಾದುದು. ಇನ್ನೊಂದು, 1930ರಲ್ಲಿ ಹೆಸರು ಪಡೆದ ‘ಆಶಿ’. ಮುಖ್ಯವಾಗಿ ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವುದು. ಅಲ್ಲಿನ ಜನ ಎರಡನ್ನೂ ‘ಸೀಡರ್’ ಎಂದೇ ಕರೆಯುತ್ತಾರೆ.

ಇವೆರಡೂ ನೆರೆಹೊರೆಯಾಗಿರುವ ಸೀಮೆಯ ಮರಗಳ ಆಕಾರ, ಎಲೆ, ಕಾಯಿಗಳನ್ನು ಅಳೆದು, ಇವು ವ್ಯಾಪಕವಾಗಿ ಬೆರೆತಿವೆಯೆಂದು 1952ರಲ್ಲಿ ಮೇರಿಯನ್ ಹಾಲ್ ಎಂಬ ವಿದ್ವಾಂಸರು ಬರೆದರು. ಬಹುಕಾಲ ಅದೇ ಮಾತು ನಿಂತಿತು. 1969ರಲ್ಲಿ ಫ್ಲೇಕ್, ಫಾನ್ ರುಡ್ಲಾಫ್, ಟರ್ನರ್ ಎಂಬ ಮೂವರು ಟೆಕ್ಸಾಸಿನ ಈಶಾನ್ಯದಿಂದ ವಾಷಿಂಗ್ಟನ್‌ವರೆಗೆ ಸುಮಾರು 1,500 ಮೈಲಿ ಉದ್ದಕ್ಕೂ ವರ್ಜಿನಿಯಾನದ ಎಲೆ ಸಂಗ್ರಹಿಸಿ, ಅದರ ಸುಗಂಧತೈಲವನ್ನು ಪರೀಕ್ಷಿಸಿದರು. ಸ್ಥಳದಿಂದ ಸ್ಥಳಕ್ಕೆ ಮರ ಮೆಲ್ಲಮೆಲ್ಲನೆ ಬದಲಾಗುತ್ತಿತ್ತೇ ಹೊರತು ಅದರಲ್ಲಿ ಆಶಿಯ ಬೆರಕೆಯ ಸುಳಿವಿರಲಿಲ್ಲ. ಪರಾಗ ಉದುರಿಸುವ ಕಾಲವೂ ಬೇರೆ: ಆಶಿಯದು ನಡುಚಳಿಗಾಲದಲ್ಲಿ, ವರ್ಜಿನಿಯಾನದ್ದು ಅದು ಮುಗಿಯುತ್ತ ಬಂದಾಗ. ದಾಯಾದಿ ಮರಗಳು ಎಲ್ಲಿಯೂ ಬೆರೆಯುವುದೇ ಇಲ್ಲವೆಂದಲ್ಲ; ಇದೇ ವರ್ಜಿನಿಯಾನ ಮಿಸೌರಿ ನದಿಯ ಸೀಮೆಯಲ್ಲಿ ರಾಕಿ ಪರ್ವತದ ಜೂನಿಪರ್‌ನೊಡನೆ ಬೆರೆತಿದೆ. ಎಲ್ಲಿ ಬೆರೆತಿದೆ, ಎಲ್ಲಿ ಇಲ್ಲ ಎಂಬುದನ್ನು ಅಲ್ಲಿಗೇ ಹೋಗಿ ನೋಡಬೇಕು.

ಇದರಿಂದ ಲೋಕಕ್ಕೇನು ಲಾಭ ಎನ್ನುವಿರಾ? ಕಾಳ್ಗಿಚ್ಚನ್ನು ತಡೆದ ಕಡೆಗಳಲ್ಲಿ ವರ್ಜಿನಿಯಾನ ಹುಲ್ಲುಗಾವಲುಗಳಿಗೆ ನುಗ್ಗಿ ಮೇವನ್ನು ಮುಚ್ಚುತ್ತಿದೆ. ಅಲ್ಲಿ ಅದನ್ನು ಕಡಿಯುವುದೇ ನ್ಯಾಯ. ಆದರೆ ಮಧ್ಯ ಟೆಕ್ಸಾಸಿನಲ್ಲಿ ಮಾತ್ರ ಗೂಡು ಕಟ್ಟುವ ಹೊಂಗೆನ್ನೆಯ ಪುಟ್ಟ ಹಕ್ಕಿಯೊಂದುಂಟು. ಮುದಿ ಆಶಿ ಮರದ ತೊಗಟೆಯ ಸೀಳುಗಳನ್ನು ಜೇಡರ ಬಲೆಯಿಂದ ಬಿಗಿದು ಅದು ಗೂಡು ಹೆಣೆಯುತ್ತದೆ. 1990ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ‘ಸೀಡರ್ ಕಡಿಯಿರಿ’ ಎಂಬ ಒಂದೇ ಅಪ್ಪಣೆ ಒಂದೆಡೆ ಉಪಕಾರ, ಇನ್ನೊಂದೆಡೆ ಘಾತ. ಆದುದರಿಂದ ಮರದ ಹೆಸರನ್ನೂ ಅದು ನಿಂತ ನೆಲವನ್ನೂ ಅರಿಯದೆ ಕೊಡಲಿ ಎತ್ತಬಾರದೆಂಬುದು ನನ್ನ ಅಭಿಪ್ರಾಯ.

ಇನ್ನು ಗೆಳೆಯನ ಪ್ರಶ್ನೆಗೆ ಬರುತ್ತೇನೆ. ಮನುಷ್ಯರಲ್ಲಿ ಜಾತಿಯೆಂಬುದು ಹುಟ್ಟಿನೊಡನೆ ಅಂಟಿಸಿದ ಚೀಟಿ. ಪರೀಕ್ಷಿಸಿ ತಿದ್ದಲು ಯಾರೂ ಒಪ್ಪುವುದಿಲ್ಲ. ಶಾಸ್ತ್ರಜ್ಞನ ವರ್ಗೀಕರಣವಾದರೋ ಹೊಸ ಪ್ರಮಾಣ ಬಂದರೆ ತಲೆಬಾಗುತ್ತದೆ. ಎರಡಕ್ಕೂ ಒಂದೇ ಮಾತಿದ್ದರೂ ಗುಣ ಒಂದೇ ಅಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಕ್ಷರ ಬಾರದ ನಮ್ಮಪ್ಪ ಸೌದೆಯ ತೊಗಟೆಯನ್ನು ಉಗುರಿನಿಂದ ಕೆರೆದು, ಮೂಸಿ, ಮರದ ಹೆಸರು ಹೇಳುತ್ತಾರೆ. ಅದನ್ನು ಹಳ್ಳಿಯ ಗುಟ್ಟೆಂದು ಇಲ್ಲಿ ಹೇಳಿಕೊಳ್ಳಲು ಮೂರು ವರ್ಷ ನಾಚಿದೆ. ಎಲೆಯ ಪರಿಮಳವನ್ನೇ ಸಾಕ್ಷಿಗೆ ಕರೆದ ವಿದ್ವಾಂಸರ ವಿಚಾರ ಓದಿದ ಮೇಲೆ ಆ ನಾಚಿಕೆ ಹೋಯಿತು. ಈ ಬೇಸಿಗೆಯ ರಜೆಯಲ್ಲಿ ನೋಟುಪುಸ್ತಕ ಹಿಡಿದು ಅವರ ಹಿಂದೆ ಹೊಲದ ಬದುಗಳನ್ನು ಸುತ್ತಬೇಕೆಂದಿದ್ದೇನೆ.