‘ಆದ್ದರಿಂದ’ ಎನ್ನುವ ಎಫೆಕ್ಟ್ ಇಲ್ಲ

ಪವರ್‌ಪಾಯಿಂಟ್‌ನಲ್ಲಿ ಟ್ರಾನ್ಸಿಷನ್ಸ್ ಟ್ಯಾಬ್ ತೆರೆದು ನೋಡಿ. ಎಫೆಕ್ಟುಗಳನ್ನು ಸಟಲ್, ಎಕ್ಸೈಟಿಂಗ್, ಡೈನಮಿಕ್ ಕಂಟೆಂಟ್ ಎಂದು ಮೂರು ಗುಂಪು ಮಾಡಿಟ್ಟಿದ್ದಾರೆ. ಮೊದಲನೆಯವು ಮೆತ್ತಗಿನವು, ಎರಡನೆಯವು ಅಬ್ಬರದವು, ಮೂರನೆಯವುಗಳಲ್ಲಿ ಹಿನ್ನೆಲೆ ಬಿಟ್ಟು ಒಳಗಿನ ಬರಹ, ಚಿತ್ರಗಳು ಮಾತ್ರ ಓಡಾಡುತ್ತವೆ. ಏನು ಚಲಿಸಬೇಕು, ಎಷ್ಟು ಜೋರಾಗಿ ಎನ್ನುವುದಷ್ಟೇ ಲೆಕ್ಕ. ಈ ಸ್ಲೈಡಿಗೂ ಮುಂದಿನದಕ್ಕೂ ಏನು ಸಂಬಂಧ ಎಂದು ಆ ಟ್ಯಾಬಿನಲ್ಲಿ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇದೇ.

‘ಅಲಂಕಾರ ತಾನೇ, ಇದ್ದರೆ ಇರಲಿ ಬಿಡಿ’ ಎನ್ನುವವರಿದ್ದಾರೆ. ಬರೀ ಅಲಂಕಾರವಾಗಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಎಫೆಕ್ಟ್ ಬಂದು ಕೂರುವುದು ಒಂದು ಮಾತು ಇರಬೇಕಾದ ಜಾಗದಲ್ಲಿ. ‘ಮಳೆ ಬಂತು’, ‘ಬಸ್ಸು ಬರಲಿಲ್ಲ’ ಎಂಬ ಎರಡು ಸಂಗತಿಗಳನ್ನು ತೆಗೆದುಕೊಳ್ಳಿ. ಮಳೆ ಬಂದದ್ದರಿಂದ, ಮಳೆ ಬಂದರೂ, ಮಳೆ ಬಂದಾಗ, ಮಳೆ ಬಂದಮೇಲೆ: ಕನ್ನಡ ಕ್ರಿಯಾಪದದ ಬಾಲದಲ್ಲೇ ಸಂಬಂಧವನ್ನು ಕಟ್ಟಿಬಿಡುತ್ತದೆ. ಸ್ಲೈಡು ಈ ಬಾಲವನ್ನು ಕತ್ತರಿಸುತ್ತದೆ. ಕತ್ತರಿಸಿದ ಜಾಗ ಬೋಳಾಗಿ ಕಂಡರೆ ಮಾತಾಡುವವರಿಗೇ ಇರುಸುಮುರುಸಾಗಿ ಏನಾದರೂ ಹೇಳಿಯಾರು. ಅಲ್ಲೊಂದು ಘನವನ್ನು ಗಿರಗಿರ ತಿರುಗಿಸಿದರೆ ಸಾಕು, ದಾಟಿ ಬಂದೆವು ಎನ್ನುವ ಭ್ರಮೆ ಹುಟ್ಟುತ್ತದೆ.

ನನ್ನ ಕೈಗೆ ಬಂದ ಒಂದು ಕೆಲಸವನ್ನೇ ಹೇಳುತ್ತೇನೆ. ಆಶಾ ಕಾರ್ಯಕರ್ತೆಯರ ತರಬೇತಿಗೆಂದು ಇಂಗ್ಲಿಷಿನಲ್ಲಿ ಮಾಡಿದ್ದ ಸ್ಲೈಡುಗಳು, ಕನ್ನಡಕ್ಕೆ ತರಬೇಕಿತ್ತು. ಒಂದರಲ್ಲಿ ‘ಕಬ್ಬಿಣಾಂಶದ ಮಾತ್ರೆ, ದಿನಕ್ಕೊಂದು’. ಆ ಸ್ಲೈಡು ನಾಟಕದ ಪರದೆಯಂತೆ ಎರಡು ಕಡೆಗೆ ಸರಿದರೆ ಹಿಂದೆ ಇನ್ನೊಂದು: ‘ಟೀ, ಕಾಫಿ ಬೇಡ’. ಮಾತ್ರೆಯ ಹಿಂದೆಮುಂದೆ ಒಂದೆರಡು ಗಂಟೆ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಹೇಳಬೇಕಾಗಿದ್ದದ್ದು ಇಷ್ಟೇ. ‘ಹಿಂದೆಮುಂದೆ’ಯೂ ಇಲ್ಲ, ‘ಕುಡಿದರೆ’ಯೂ ಇಲ್ಲ, ಪರದೆ ಮಾತ್ರ ಇದೆ. ಇದ್ದದ್ದನ್ನು ಇದ್ದಂತೆ ಅನುವಾದಿಸಿದರೆ ಬಸುರಿ ಹೆಂಗಸಿಗೆ ತಲುಪುವುದು ‘ಈ ಮಾತ್ರೆ ನುಂಗುವವರು ಟೀ ಬಿಡಬೇಕಂತೆ’ ಎಂಬ ಮಾತು. ಬೆಳಿಗ್ಗೆ ಐದಕ್ಕೆದ್ದು ಒಂದು ಲೋಟ ಟೀಯ ಬಲದಲ್ಲಿ ದುಡಿಯುವವಳು ಆಗ ಬಿಡುವುದು ಟೀಯನ್ನಲ್ಲ, ಮಾತ್ರೆಯನ್ನು. ಸ್ಲೈಡು ಮಾಡಿದವರನ್ನು ಕೇಳಿದೆ. ‘ಅದು ಫ್ಲೋನಲ್ಲಿ ಗೊತ್ತಾಗುತ್ತೆ ಮೇಡಂ’ ಎಂದರು. ಫ್ಲೋ ಅಂದರೆ ಆ ಪರದೆ!

ಮೊದಲು ಹೀಗಿರಲಿಲ್ಲ. 1987ರಲ್ಲಿ ಮ್ಯಾಕಿಂಟಾಷ್‌ಗೆಂದು ಬಂದ ಮೊದಲ ಪವರ್‌ಪಾಯಿಂಟ್ ಕಪ್ಪುಬಿಳುಪು ಹಾಳೆಗಳನ್ನು ತಯಾರಿಸುತ್ತಿತ್ತು; ಅವನ್ನು ಪಾರದರ್ಶಕ ಹಾಳೆಗೆ ಇಳಿಸಿ ಓವರ್‌ಹೆಡ್ ಪ್ರೊಜೆಕ್ಟರಿನ ಮೇಲಿಡಬೇಕಿತ್ತು. ಒಂದನ್ನು ಎತ್ತಿ ಇನ್ನೊಂದನ್ನು ಇಡುವಷ್ಟು ಹೊತ್ತು ಕೈಗೆ ಕೆಲಸ, ಬಾಯಿ ಖಾಲಿ. ‘ಸರಿ, ಇದು ಯಾಕಾಯಿತು ನೋಡೋಣ’ ಎಂದಾದರೂ ಅನ್ನಲೇಬೇಕು. ನಮ್ಮ ಮೇಷ್ಟರುಗಳ ಒಳ್ಳೆಯ ಮಾತುಗಳೆಲ್ಲ ಆ ಸಂದಿನಲ್ಲೇ ಬರುತ್ತಿದ್ದವು.

ಫೇಡ್, ವೈಪ್, ಡಿಸಾಲ್ವ್ ಸಿನಿಮಾದಿಂದ ಬಂದ ಹೆಸರುಗಳು. ಅಲ್ಲಿ ಅವಕ್ಕೆ ಅರ್ಥವಿತ್ತು. ಪರದೆ ಕಪ್ಪಾಗಿ ಮತ್ತೆ ಬೆಳಗಾದರೆ ಕಾಲ ಸರಿದಿದೆ ಎಂದು ಟೆಂಟಿನಲ್ಲಿ ಕೂತ ಅಜ್ಜಿಗೂ ಗೊತ್ತು. ಓಡುವ ಹುಡುಗನ ಕಾಲು ಹಾಗೇ ಹೀರೋನ ಕಾಲಾದರೆ ಹದಿನೈದು ವರ್ಷ ಕಳೆಯಿತು. ಯಕ್ಷಗಾನದಲ್ಲಿ ಇಬ್ಬರು ತೆರೆ ಹಿಡಿದು ನಿಂತರೆ ಹಿಂದೆ ಯಾರೋ ಬರುವವರಿದ್ದಾರೆ. ಖಾಲಿ ರಂಗಕ್ಕೆ ಯಾರೂ ತೆರೆ ಹಿಡಿಯುವುದಿಲ್ಲ. ಸಾಫ್ಟ್‌ವೇರ್ ಹೆಸರುಗಳನ್ನು ಉಳಿಸಿಕೊಂಡು ಅರ್ಥವನ್ನು ಚೆಲ್ಲಿತು. ಮೇಲೊಂದು ‘ರ್‍ಯಾಂಡಮ್’ ಬೇರೆ ಇಟ್ಟಿತು. ಯಾವ ಭಾಷೆಯಲ್ಲಾದರೂ ‘ಆದರೆ’, ‘ಆದ್ದರಿಂದ’, ‘ಅಥವಾ’ಗಳಲ್ಲಿ ಯಾವುದೋ ಒಂದು ತಾನಾಗಿ ಬೀಳಲಿ ಎನ್ನುವ ಪ್ರತ್ಯಯ ಇದೆಯೇ?

ಎಲ್ಲವನ್ನೂ ಅಳಿಸಿ ಎನ್ನುತ್ತಿಲ್ಲ. 2015ರಲ್ಲಿ ಬಂದ ಮಾರ್ಫ್ ನನಗೆ ಇಷ್ಟವೇ. ಅದೇ ವಸ್ತು ಎರಡೂ ಸ್ಲೈಡುಗಳಲ್ಲಿದ್ದರೆ ಅದು ಹಳೆಯ ಜಾಗದಿಂದ ಹೊಸ ಜಾಗಕ್ಕೆ ನಡೆದು ಹೋಗುವುದನ್ನು ತೋರಿಸುತ್ತದೆ. ಅದು ‘ಆಗಿ’ ಎನ್ನುವ ಕೆಲಸ. ಉದ್ದದ ನಕ್ಷೆ ಸ್ಲೈಡಿನಂಚಿನಲ್ಲಿ ತುಂಡಾಗಿದ್ದರೆ ಪುಶ್ ಹಾಕಿ, ಅದು ‘ಮುಂದುವರಿದು’ ಎನ್ನುತ್ತದೆ. ಉಳಿದಂತೆ ‘ಅಪ್ಲೈ ಟು ಆಲ್’ ಒತ್ತುವ ಕೈಯನ್ನು ತಡೆದುಕೊಳ್ಳಿ. ನಲವತ್ತು ಸ್ಲೈಡುಗಳ ನಡುವೆ ಒಂದೇ ಸಂಬಂಧ ಇರಲು ಸಾಧ್ಯವೇ ಇಲ್ಲ.

ಎಫೆಕ್ಟಿಲ್ಲದಿದ್ದರೆ ಜನ ತೂಕಡಿಸುತ್ತಾರೆ ಎನ್ನುವ ವಾದವೂ ಇದೆ. ಎಫೆಕ್ಟಿದ್ದಾಗಲೂ ತೂಕಡಿಸುತ್ತಾರೆ, ಅದಿರಲಿ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಹಂಚುವವರಿಗೆ ಗೊತ್ತು, ನೆಟ್ ನಿಧಾನವಾದರೆ ಆ ಘನ ಅರ್ಧದಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ತಲೆಸುತ್ತಿನ ತೊಂದರೆ ಇರುವವರಿಗೆ ದೊಡ್ಡ ಚಲನೆಗಳು ಹಿಂಸೆ. ಪಿಡಿಎಫ್ ಮಾಡಿದ ಕೂಡಲೇ ಎಲ್ಲವೂ ಮಾಯ. ನನ್ನಂಥವರ ಮೇಜಿಗೆ ಬರುವುದು ಬಹುಪಾಲು ಪಿಡಿಎಫ್ಫೇ.

ಹಾಗಾಗಿ ಫೈಲು ಕಳಿಸುವವರಲ್ಲಿ ಒಂದು ಕೋರಿಕೆ. ಸ್ಲೈಡಿನ ಕೆಳಗೆ ನೋಟ್ಸ್ ಎಂಬ ಜಾಗವಿದೆ. ಈ ಸ್ಲೈಡಿನಿಂದ ಮುಂದಿನದಕ್ಕೆ ಯಾಕೆ ಹೋಗುತ್ತಿದ್ದೀರಿ ಎಂದು ಅಲ್ಲೊಂದು ಪೂರ್ತಿ ವಾಕ್ಯ ಬರೆಯಿರಿ, ಪಿಡಿಎಫ್ ಮಾಡುವಾಗ ಆ ನೋಟ್ಸನ್ನೂ ಸೇರಿಸಿ ಕಳಿಸಿ. ಆ ವಾಕ್ಯ ನಿಮಗೇ ಹೊಳೆಯದಿದ್ದರೆ ಮೊದಲು ಸ್ಲೈಡುಗಳ ಸಾಲನ್ನು ಬದಲಿಸಿ ನೋಡಿ, ಆಮೇಲೆ ನನಗೆ ಕಳಿಸಿ.