ಮಕ್ಕಳ ತೂಕ, ಮನೆಯ ಬಿಲ್ಲು

ಈ ಅಂಕಣದಲ್ಲಿ ನಾವು ಬರೆಯೋದು ಸಾಮಾನ್ಯವಾಗಿ ಸಂಬಳ, ಸಾಲ, ಊರಿಗೆ ಕಳಿಸುವ ಹಣದ ಬಗ್ಗೆ. ಈ ತಿಂಗಳದ್ದೂ ಲೆಕ್ಕವೇ, ಆದರೆ ಗ್ರಾಸರಿ ಅಂಗಡಿಯ ಲೆಕ್ಕ.

ಶಾರ್ಜಾ, ಅಜ್ಮಾನ್, ದುಬೈಗಳಲ್ಲಿ ಸಂಸಾರ ಇಟ್ಟುಕೊಂಡಿರುವ ನಮ್ಮವರ ಮಕ್ಕಳಲ್ಲಿ ಕೆಲವರ ತೂಕ ವಯಸ್ಸಿಗಿಂತ ಮುಂದೆ ಓಡುತ್ತಿದೆ. ಐದು ವರ್ಷದ ಹುಡುಗನನ್ನು ನೋಡಿ "ಮೈಕೈ ತುಂಬ್ಕೊಂಡು ಎಷ್ಟು ಚೆನ್ನಾಗಿದ್ದಾನೆ" ಅಂತ ಹೊಗಳೋರು ನಾವೇ. ಹತ್ತು ವರ್ಷವಾದ ಮೇಲೆ ಅವನನ್ನೇ "ಡುಮ್ಮ" ಅಂತ ಕರೆಯೋರೂ ನಾವೇ. ಎರಡೂ ಬೇಡ. ಅಪ್ಪನಿಗೋ ಅಜ್ಜಿಗೋ ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮಲ್ಲಿ ಎಷ್ಟಿದೆ, ಎಣಿಸಿ ನೋಡಿ. ಅಂಥ ಮನೆಯ ಮಗುವಿನ ಮೈಯಲ್ಲಿ ಚಿಕ್ಕಂದಿನಲ್ಲೇ ಬೊಜ್ಜು ಕೂತರೆ, ಆ ಕಾಯಿಲೆ ಬೇಗ ಬಂದು ಬಾಗಿಲು ತಟ್ಟುವ ಅಪಾಯ ಹೆಚ್ಚು.

ಮೊದಲು ಬಿಲ್ಲು ನೋಡೋಣ. ಕೆಳಗಿನ ಗ್ರಾಸರಿಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಹುಡುಗ ಮೇಲೆ ತಂದುಕೊಡ್ತಾನೆ. ಬ್ರೆಡ್ಡು, ಮೊಟ್ಟೆಯ ಜೊತೆ ಎರಡು ಜ್ಯೂಸ್, ಒಂದು ಚಿಪ್ಸ್ ಸೇರಿಕೊಳ್ಳುತ್ತೆ, ಯಾರಿಗೂ ಗೊತ್ತಾಗೋದಿಲ್ಲ. ಜ್ಯೂಸಿನ ಡಬ್ಬಿ ಹಿಂದೆ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಅಂತ ಬರೆದಿದೆ ಅಂದುಕೊಳ್ಳಿ. 200 ಮಿ.ಲೀ. ಡಬ್ಬಿಯಲ್ಲಿ 20 ಗ್ರಾಂ, ಅಂದರೆ ಐದು ಟೀ ಚಮಚ. ದಿನಕ್ಕೆ ಎರಡರಂತೆ, ತಿಂಗಳಿಗೆ 22 ಶಾಲಾ ದಿನ ಹಿಡಿದರೆ 880 ಗ್ರಾಂ. ಮಗುವಿನ ಕೈಗೆ ಒಂದು ಕೆ.ಜಿ. ಸಕ್ಕರೆ ಪೊಟ್ಟಣ ಕೊಟ್ಟು "ತಿನ್ನು ಮಗಾ" ಅಂತ ಯಾರಾದರೂ ಹೇಳ್ತೀವಾ? ಮಾಮೂಲಿ ಕೋಲಾದ 330 ಮಿ.ಲೀ. ಕ್ಯಾನಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಅದರ ಲೆಕ್ಕ ನೀವೇ ಹಾಕಿ.

ಈ ದೇಶದ ಸರ್ಕಾರವೂ ಇದೇ ಲೆಕ್ಕ ಹಾಕಿದೆ. 2017ರ ಅಕ್ಟೋಬರ್‌ನಿಂದ ಸೋಡಾ ಪಾನೀಯಗಳಿಗೆ ಶೇ. 50 ಎಕ್ಸೈಸ್ ತೆರಿಗೆ ಬಂತು, 2019ರ ಡಿಸೆಂಬರ್‌ನಿಂದ ಉಳಿದ ಸಿಹಿ ಪಾನೀಯಗಳಿಗೂ. 2026ರ ಜನವರಿಯಿಂದ 100 ಮಿ.ಲೀ.ಯಲ್ಲಿ ಎಷ್ಟು ಸಕ್ಕರೆ ಇದೆ ಅನ್ನೋದರ ಮೇಲೆ ತೆರಿಗೆ. ಹಾಗಾಗಿ ಸಕ್ಕರೆ ಹೆಚ್ಚಾದಷ್ಟೂ ನಮ್ಮ ಜೇಬಿಗೂ ಹೊಡೆತ. ಬಾಟಲಿ ನೀರಿಗೆ ಈ ತೆರಿಗೆ ಇಲ್ಲ. ಸಿಹಿಯಿಲ್ಲದ ಲಬನ್ ಅಂದರೆ ನಮ್ಮ ಮಜ್ಜಿಗೆಯೇ. ಶುಂಠಿ, ಕೊತ್ತಂಬರಿ ಹಾಕಿದರೆ ಊರಿನ ರುಚಿ ಬರುತ್ತೆ.

ತಿಂಡಿಯದು ಅರ್ಧ ಮಾತು. ಇನ್ನರ್ಧ ನಮ್ಮ ಡ್ಯೂಟಿ ಟೈಮಿಂದು. ಅಪ್ಪ ರಾತ್ರಿ ಒಂಬತ್ತೂವರೆಗೆ ಬರ್ತಾರೆ, ಊಟ ಹತ್ತಕ್ಕೆ, ಮಗು ಮಲಗೋದು ಹನ್ನೊಂದೂವರೆ. ಶಾಲೆಯ ಬಸ್ಸು ಬೆಳಿಗ್ಗೆ ಆರಕ್ಕೆ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತಾರೆ ವೈದ್ಯರು. ಇಲ್ಲಿ ಆರು ಗಂಟೆಯೂ ಸಿಕ್ಕೋದಿಲ್ಲ. ನಿದ್ದೆಗೆಟ್ಟ ಮಗುವಿಗೆ ಹಸಿವು ಜಾಸ್ತಿ, ಅದೂ ಸಿಹಿ, ಕರಿದದ್ದರ ಮೇಲೆ ಆಸೆ. ಮಗುವಿಗೆ ಏಳೂವರೆಗೇ ಊಟ ಹಾಕಿಬಿಡಿ. ಅಪ್ಪನ ಜೊತೆ ಕೂತು ತಿನ್ನೋದು ರಜೆಯ ದಿನಕ್ಕಿರಲಿ. ಇದು ಹೇಳೋದು ಸುಲಭ, ಮಾಡೋದು ಕಷ್ಟ ಅಂತ ನಮಗೂ ಗೊತ್ತು. ಅಪ್ಪ ಮಗು ಮುಖ ನೋಡೋದೇ ಆ ಹೊತ್ತಿಗೆ. ಆದರೂ ವಾರದಲ್ಲಿ ಐದು ದಿನ ಪ್ರಯತ್ನಿಸಿ.

ಆಟಕ್ಕೆ ಜಾಗವಿಲ್ಲ ಅನ್ನೋದು ನಿಜ. ಎರಡು ಸಂಸಾರ ಹಂಚಿಕೊಂಡ ಫ್ಲಾಟು, ಹೊರಗೆ ಬೇಸಿಗೆಯಲ್ಲಿ 45 ಡಿಗ್ರಿ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಗ್ಗಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಒಟ್ಟಿಗೇ ಆಗಬೇಕೆಂದಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಲ್ ಮಜಾಜ್, ಅಲ್ ಮಮ್ಜಾರ್ ಕಡೆ ಸಂಜೆ ಹೋಗಬಹುದು. ಬೇಸಿಗೆಯಲ್ಲಿ ಮನೆಯೊಳಗೆ ಹಾಡು ಹಾಕಿ ಕುಣಿಯಲಿ, ಕಸ ಗುಡಿಸಲಿ, ಗ್ರಾಸರಿಗೆ ಫೋನ್ ಮಾಡುವ ಬದಲು ಮೆಟ್ಟಿಲಿಳಿದು ನಮ್ಮ ಜೊತೆ ಬರಲಿ.

ಒಂದು ಎಚ್ಚರಿಕೆ. ಬೆಳೆಯುವ ಮಗುವಿಗೆ ಡಯಟ್ ಮಾಡಿಸಬೇಡಿ. ಎತ್ತರ ಬೆಳೆಯುತ್ತಾ ಹೋದಂತೆ ತೂಕ ಅದಕ್ಕೆ ಹೊಂದಿಕೊಳ್ಳಬಹುದು. ಶಾಲೆಯ ನರ್ಸ್ ಬರೆದ ಎತ್ತರ, ತೂಕ ಕೇಳಿ ತಿಳಿದುಕೊಂಡು, ಅನುಮಾನವಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಬದಲಾವಣೆ ಮಾಡಿದರೆ ಎಲ್ಲರಿಗೂ ಒಂದೇ ಆಗಿರಲಿ. ಅಣ್ಣನಿಗೆ ರಾಗಿ ರೊಟ್ಟಿ, ತಮ್ಮನಿಗೆ ಬರ್ಗರ್, ಅಪ್ಪನಿಗೆ ಪೆಪ್ಸಿ ಅಂದರೆ ಯಾವ ಮಗುವೂ ಕೇಳೋದಿಲ್ಲ. ಹಾಗಂತ ಕರಾವಳಿಯವರಿಗೆ ಬನ್ಸ್ ಬಿಡಿ ಎನ್ನುವ ಧೈರ್ಯ ನಮಗಿಲ್ಲ. ರಜೆಯ ದಿನ ಎರಡು ತಿನ್ನಲಿ.

ಇನ್ನು ಕ್ಯಾಂಪಿನಲ್ಲಿರುವ, ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿರುವ ಸೋದರರಿಗೆ. ಎರಡು ವರ್ಷಕ್ಕೊಮ್ಮೆ ಹೋಗುವಾಗ ಪೆಟ್ಟಿಗೆ ತುಂಬ ಚಾಕಲೇಟು, ಟ್ಯಾಂಗು ಒಯ್ಯುತ್ತೇವೆ. ಅಪ್ಪ ಅಂದರೆ ಚಾಕಲೇಟು ಅಂತ ಮಗು ಕಲಿಯುತ್ತೆ. "ಅಪ್ಪ ಹತ್ತಿರವಿಲ್ಲದ ಕೂಸು" ಅಂತ ಅಜ್ಜಿಯೂ ಕೇಳಿದಾಗಲೆಲ್ಲ ಹತ್ತು ರೂಪಾಯಿಯ ಕುರುಕಲು ಪೊಟ್ಟಣ ಕೊಡಿಸುತ್ತಾರೆ. ಪ್ರೀತಿ ತಪ್ಪಲ್ಲ. ವಿಡಿಯೋ ಕಾಲಿನಲ್ಲಿ "ಏನು ತಿಂದೆ?" ಅನ್ನೋದರ ಜೊತೆಗೆ "ಇವತ್ತು ಯಾವ ಆಟ ಆಡ್ದೆ, ಯಾರು ಗೆದ್ರು?" ಅಂತಲೂ ಕೇಳಿ. ಪೆಟ್ಟಿಗೆಯಲ್ಲಿ ಚಾಕಲೇಟು ಒಂದು ಡಬ್ಬ ಇರಲಿ, ಉಳಿದ ಜಾಗಕ್ಕೆ ಫುಟ್‌ಬಾಲು, ಬ್ಯಾಡ್ಮಿಂಟನ್ ಬ್ಯಾಟು, ಸ್ಕಿಪ್ಪಿಂಗ್ ಹಗ್ಗ. ಫುಟ್‌ಬಾಲಿನ ಗಾಳಿ ತೆಗೆದು ಮಡಚಿಟ್ಟರೆ ಹೆಚ್ಚು ಜಾಗ ಹಿಡಿಯೋದಿಲ್ಲ, ಪಂಪು ಮರೆಯಬೇಡಿ.

ಮುಂದಿನ ತಿಂಗಳು ಗ್ರಾಚ್ಯುಟಿ ಲೆಕ್ಕ ಹಾಕೋದು ಹೇಗೆ ಅಂತ ನೋಡೋಣ.