ಅ, ಆ ಬಿಟ್ಟು ರ, ಗ ಏಕೆ?

‘ಶಾಲೆಗೆ ಸೇರಿ ಮೂರು ತಿಂಗಳಾಯಿತು, ಇನ್ನೂ ಅ, ಆ, ಇ, ಈ ಒಪ್ಪಿಸುವುದಿಲ್ಲ’ ಎಂಬುದು ಒಂದನೇ ತರಗತಿ ಮಕ್ಕಳ ತಾಯ್ತಂದೆಯರ ದೂರು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯವರೂ ಇದಕ್ಕೆ ಹೊರತಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಬಹುದು, ಬರೆಯಬಹುದು. ವರ್ಣಮಾಲೆ ಮುಗಿಯಲೆಂದು ಕಾಯಬೇಕಿಲ್ಲ.

ಈ ಪದ್ಧತಿ ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಕಾರ್ಡು, ಹಾಡು, ಆಟಗಳನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಆದರೂ ಒಂದು ತೊಡಕುಂಟು. ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಕಂಪ್ಲಿ, ಹೊಸಪೇಟೆಯ ಹಲವು ಮನೆಗಳಲ್ಲಿ ತೆಲುಗು ಇಲ್ಲವೇ ಉರ್ದು. ‘ಅಗಸ’ ಎಂದು ತಪ್ಪಿಲ್ಲದೆ ಓದಿದ ಮಗುವಿಗೆ ಅಗಸನೆಂದರೆ ಯಾರೆಂದೇ ತಿಳಿಯದಿರಬಹುದು. ಅಂಥಲ್ಲಿ ಅಚ್ಚಾದ ಕಾರ್ಡಷ್ಟೇ ಸಾಲದು. ಕಂಪ್ಲಿಯ ಭತ್ತ, ಕಬ್ಬು, ಸಂಡೂರಿನ ಗಣಿ, ಲಾರಿ, ಹಂಪಿಯ ತೇರು, ಹರಿಗೋಲು ಕಾರ್ಡಿಗೆ ಬರಬೇಕು. ಚಿತ್ರದ ಪಕ್ಕ ಕನ್ನಡದ ಹೆಸರಿರಲಿ, ಮನೆಮಾತಿನ ಹೆಸರನ್ನು ಮಗುವೇ ಹೇಳಲಿ. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಇಂಥ ಕಾರ್ಡುಗಳು ಕೈಯಿಂದ ಕೈಗೆ ದಾಟಿದರೆ ಒಬ್ಬರ ದುಡಿಮೆ ಹತ್ತು ಶಾಲೆಗೆ ಒದಗುತ್ತದೆ, ಕಲಿಸುವವರೂ ಕಲಿಯುತ್ತಾರೆ.

ತಾಯ್ತಂದೆಯರೂ ಕೈಜೋಡಿಸಬಹುದು. ‘ಎಷ್ಟು ಅಕ್ಷರ ಬಂತು?’ ಎನ್ನುವ ಬದಲು, ‘ಇವತ್ತು ಯಾವ ಪದ ಓದಿದೆ? ಅದಕ್ಕೆ ನಮ್ಮ ಮಾತಿನಲ್ಲಿ ಏನಂತಾರೆ?’ ಎಂದು ಕೇಳಲಿ. ಆ ಉತ್ತರವನ್ನು ಮೇಷ್ಟರಿಗೂ ಮುಟ್ಟಿಸಲಿ. ಅವರ ಮುಂದಿನ ಕಾರ್ಡು ಅದರಿಂದಲೇ ಹುಟ್ಟೀತು.